ಆ ನೂರು ಪೌಂಡಿನ ಪತ್ರಕ್ಕೆ ಉತ್ತರ ಬರೆಯಿರಿ



ಇಂಗ್ಲೆಂಡಿನಲ್ಲಿ ಕಾರು ಇಟ್ಟುಕೊಂಡ ನಮ್ಮವರ ಮನೆಗೆ ಒಂದಲ್ಲ ಒಂದು ದಿನ ಬಂದೇ ಬರುವ ಪತ್ರವೊಂದರ ಬಗ್ಗೆ ಇವತ್ತು ಮಾತಾಡುತ್ತೇನೆ. ಅದರಲ್ಲಿ ನಿಮ್ಮ ಕಾರಿನ ಎರಡು ಫೋಟೊ ಇರುತ್ತವೆ. ಒಂದರ ಕೆಳಗೆ ಒಳಗೆ ಬಂದ ಹೊತ್ತು, ಇನ್ನೊಂದರ ಕೆಳಗೆ ಹೊರಗೆ ಹೋದ ಹೊತ್ತು. ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗದಲ್ಲಿ ನೀವು ಅವಧಿ ಮೀರಿ ನಿಂತಿರಿ, ಆದ್ದರಿಂದ 100 ಪೌಂಡ್ ಕೊಡಬೇಕು, 14 ದಿನದೊಳಗೆ ಕಟ್ಟಿದರೆ 60 ಸಾಕು ಎಂದು ಬರೆದಿರುತ್ತದೆ. 100 ಪೌಂಡ್ ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಮೇಲೆ. ಓದಲು ಹೋದ ಹುಡುಗನಿಗೆ, ಆಸ್ಪತ್ರೆಯಲ್ಲಿ ಪಾಳಿ ಮಾಡುವ ನರ್ಸಿಗೆ ಅದು ಸಣ್ಣ ಮೊತ್ತವಲ್ಲ.

ನಾನು ಅಲ್ಲಿ ನೆಲೆಸಿ, ಸುತ್ತಮುತ್ತಲಿನ ಕನ್ನಡ ಮನೆಗಳಿಗೆ ಬರುವ ಇಂಥ ಪತ್ರಗಳನ್ನು ಓದಿ ಹೇಳುತ್ತ, ಉತ್ತರ ಬರೆಯಲು ಕೈಜೋಡಿಸುತ್ತ ಬಂದವನು. ನಮ್ಮವರು ಎರಡು ರೀತಿ ನಡೆದುಕೊಳ್ಳುವುದನ್ನು ಕಂಡಿದ್ದೇನೆ. ಹಲವರು ಅದೇ ರಾತ್ರಿ ಕಾರ್ಡಿನಿಂದ ಹಣ ಕಟ್ಟಿಬಿಡುತ್ತಾರೆ. ಎಲ್ಲಿ ವೀಸಾಕ್ಕೆ ಕುತ್ತು ಬಂದೀತೋ, ಎಲ್ಲಿ ಪೊಲೀಸರು ಬಾಗಿಲಿಗೆ ಬಂದಾರೋ ಎಂಬ ಭಯ. ಇನ್ನು ಕೆಲವರು, ಖಾಸಗಿ ಕಂಪನಿಯ ಪತ್ರ ತಾನೆ, ಏನೂ ಆಗುವುದಿಲ್ಲ ಎಂದು ಯಾರೋ ಗೆಳೆಯರು ಹೇಳಿದ್ದನ್ನು ನಂಬಿ ಕಸದ ಬುಟ್ಟಿಗೆ ಹಾಕುತ್ತಾರೆ. ಎರಡೂ ತಪ್ಪು. ಆ ಪತ್ರ ಸರ್ಕಾರದ ಆಜ್ಞೆಯಲ್ಲ. ಹಾಗೆಂದು ಬೆಲೆಯಿಲ್ಲದ ಕಾಗದವೂ ಅಲ್ಲ. ಅದು ಒಬ್ಬ ವ್ಯಾಪಾರಿ ನಿಮ್ಮ ಮುಂದೆ ಇಟ್ಟಿರುವ ಹಣದ ಬೇಡಿಕೆ. ಬೇಡಿಕೆಗೆ ಉತ್ತರ ಕೊಡುವ ಹಕ್ಕು ನಿಮಗಿದೆ. ಆ ಹಕ್ಕನ್ನು ಹೊತ್ತಿಗೆ ಸರಿಯಾಗಿ ಬಳಸಬೇಕು.

ಮೊದಲು ನೋಡಬೇಕಾದದ್ದು ಪತ್ರ ಕಳಿಸಿದವರು ಯಾರು ಎಂಬುದನ್ನು. ರಸ್ತೆ ಬದಿಯಲ್ಲಿ ತಪ್ಪಾಗಿ ನಿಲ್ಲಿಸಿದರೆ ನಗರಸಭೆ, ಅಂದರೆ ಅಲ್ಲಿನ ಕೌನ್ಸಿಲ್, ಪೆನಾಲ್ಟಿ ಚಾರ್ಜ್ ನೋಟಿಸ್ ಕಳಿಸುತ್ತದೆ. ಅದು 2004ರ ಸಂಚಾರ ನಿರ್ವಹಣಾ ಕಾಯ್ದೆಯ ಬಲದಿಂದ ಬರುವ ನಿಜವಾದ ದಂಡ. ಸೂಪರ್ ಮಾರ್ಕೆಟ್ಟು, ಆಸ್ಪತ್ರೆ, ವಸತಿ ಸಮುಚ್ಚಯ, ಜಿಮ್ಮು ಮುಂತಾದ ಖಾಸಗಿ ನೆಲದಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಕಂಪನಿ ಕಳಿಸುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಚಿಕ್ಕದಾಗಿ ಪಿಸಿಎನ್ ಎಂದೇ ಕರೆಯುತ್ತಾರೆ. ಎರಡರಲ್ಲೂ ಫೋಟೊ, ಎರಡರಲ್ಲೂ ರಿಯಾಯಿತಿ. ಹೊಸದಾಗಿ ಬಂದವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಕೌನ್ಸಿಲ್ಲಿನ ದಂಡಕ್ಕೆ ಬೇರೆ ನಿಯಮ, ಬೇರೆ ನ್ಯಾಯಮಂಡಳಿ. ಇವತ್ತಿನ ಮಾತು ಖಾಸಗಿ ಕಂಪನಿಯ ಪತ್ರಕ್ಕೆ ಮಾತ್ರ ಸಂಬಂಧಪಟ್ಟದ್ದು.

2012ಕ್ಕಿಂತ ಹಿಂದಕ್ಕೆ ಹೋದರೆ ಈ ಕಂಪನಿಗಳಲ್ಲಿ ಹಲವು ಪತ್ರ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಕಾರಿನ ಗಾಲಿಗೆ ಕಬ್ಬಿಣದ ಬೀಗ ಜಡಿದು, ನೂರಾರು ಪೌಂಡ್ ಕೈಗೆ ಬರುವವರೆಗೂ ಬಿಚ್ಚುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡ ತಾಯಿ ರಾತ್ರಿ ಹೊತ್ತು ಬೀಗ ಬಿದ್ದ ಕಾರಿನ ಪಕ್ಕದಲ್ಲಿ ನಿಂತರೂ ಕರುಣೆ ಇರಲಿಲ್ಲ. ಸ್ಕಾಟ್ಲೆಂಡಿನ ನ್ಯಾಯಾಲಯ 1992ರಲ್ಲೇ ಇದು ಸುಲಿಗೆ, ಇದು ಕಳ್ಳತನ ಎಂದು ತೀರ್ಪು ಕೊಟ್ಟಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾತ್ರ ಇದು ನಿಂತದ್ದು 2012ರ ಅಕ್ಟೋಬರ್ 1ರಂದು, ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ ಜಾರಿಗೆ ಬಂದಾಗ.

ಆದರೆ ಅದೇ ಕಾಯ್ದೆ ಒಂದು ಕೈಯಿಂದ ಬೀಗ ಕಿತ್ತುಕೊಂಡು ಇನ್ನೊಂದು ಕೈಯಿಂದ ಕಂಪನಿಗಳಿಗೆ ಬೇರೊಂದು ಬಲ ಕೊಟ್ಟಿತು. ಕರಾರು ಇದ್ದದ್ದು ಕಾರು ಓಡಿಸಿದವರ ಜೊತೆ. ಓಡಿಸಿದವರು ಯಾರೆಂದು ಕಂಪನಿಗೆ ಗೊತ್ತಿಲ್ಲದಿದ್ದರೆ, ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರಿಂದಲೇ ಹಣ ಕೇಳಬಹುದು ಎಂದಾಯಿತು. ಅಂಥವರನ್ನು ಅಲ್ಲಿ ಕೀಪರ್ ಎನ್ನುತ್ತಾರೆ. ಇದಕ್ಕೆ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಕಟ್ಟುನಿಟ್ಟಾದ ಷರತ್ತುಗಳಿವೆ. ನಮಗೆ ಉಪಯೋಗಕ್ಕೆ ಬರುವುದು ಈ ಷರತ್ತುಗಳೇ.

ಕೀಪರ್ ಯಾರು, ಮನೆ ಎಲ್ಲಿ ಎಂಬುದು ಕಂಪನಿಗೆ ಹೇಗೆ ಗೊತ್ತಾಗುತ್ತದೆ? ಅಲ್ಲಿನ ಸಾರಿಗೆ ಇಲಾಖೆಯ ಕಚೇರಿ ಡಿವಿಎಲ್‌ಎ ಇದೆಯಲ್ಲ, ಅದು ಒಂದು ವಿಚಾರಣೆಗೆ ಎರಡೂವರೆ ಪೌಂಡ್ ಪಡೆದು ಹೆಸರು, ವಿಳಾಸ ಕೊಡುತ್ತದೆ. ಮಾನ್ಯತೆ ಪಡೆದ ಎರಡು ಸಂಘಗಳಲ್ಲಿ, ಅಂದರೆ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಅಥವಾ ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯೂನಿಟಿಯಲ್ಲಿ, ಸದಸ್ಯತ್ವ ಇರುವ ಕಂಪನಿಗೆ ಮಾತ್ರ ಈ ಸೌಲಭ್ಯ. 2012-13ರಲ್ಲಿ ಸುಮಾರು 19 ಲಕ್ಷ ಸಲ ಹೀಗೆ ವಿವರ ಪಡೆದಿದ್ದರು. 2018-19ರಲ್ಲಿ ಅದು ಸುಮಾರು 68 ಲಕ್ಷಕ್ಕೆ ಏರಿತು. 2023-24ರಲ್ಲಿ 1 ಕೋಟಿ 28 ಲಕ್ಷ. ಇಡೀ ದೇಶದ ಜನರ ವಾಹನ ನಿಲ್ಲಿಸುವ ಅಭ್ಯಾಸ ಹತ್ತೇ ವರ್ಷದಲ್ಲಿ ಇಷ್ಟು ಕೆಟ್ಟಿತು ಎಂದರೆ ನಾನು ನಂಬುವುದಿಲ್ಲ. ಕಾವಲುಗಾರನ ಜಾಗಕ್ಕೆ ಕ್ಯಾಮರಾ ಬಂತು. ಕಾವಲುಗಾರ ಮುಖ ನೋಡುತ್ತಿದ್ದ, ಮಾತು ಕೇಳುತ್ತಿದ್ದ. ಕ್ಯಾಮರಾ ನಂಬರ್ ಪ್ಲೇಟನ್ನು ಮಾತ್ರ ನೋಡುತ್ತದೆ.

ಈಗ ಕಾನೂನಿನ ಬುಡಕ್ಕೆ ಬರೋಣ. ನೀವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ, ಯಾರಿಗೂ ಮಾತು ಕೊಟ್ಟಿಲ್ಲ. ಹಾಗಿದ್ದ ಮೇಲೆ ಹಣ ಕೇಳುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಬಂದದ್ದು ಗೋಡೆಯ ಮೇಲಿನ ಫಲಕದಿಂದ. ಇಂತಿಷ್ಟು ಹೊತ್ತು ನಿಲ್ಲಬಹುದು, ಮೀರಿದರೆ ಇಂತಿಷ್ಟು ಕೊಡಬೇಕು ಎಂದು ಫಲಕ ಹೇಳುತ್ತದೆ. ಅದನ್ನು ಕಂಡೂ ನೀವು ಕಾರು ನಿಲ್ಲಿಸಿದರೆ ಒಪ್ಪಿದಂತೆ. ಹೀಗೆ ಬಾಯಿಲ್ಲದ ಕರಾರು ಹುಟ್ಟುತ್ತದೆ. ಎಲ್ಲವೂ ಫಲಕದ ಮೇಲೆ ನಿಂತಿರುವುದರಿಂದ, ಫಲಕ ಕಾಣುತ್ತಿತ್ತೇ, ಓದಲು ಬರುತ್ತಿತ್ತೇ, ಮೊತ್ತವನ್ನು ದೊಡ್ಡ ಅಕ್ಷರದಲ್ಲಿ ಬರೆದಿತ್ತೇ ಎಂಬುದೇ ಬಹುಪಾಲು ಜಗಳಗಳ ತಿರುಳು.

ಈ ವಿಷಯದಲ್ಲಿ ಒಂದು ಹಳೆಯ ಪ್ರಕರಣ ಇದೆ. ನಮ್ಮ ಕಾನೂನು ಕಾಲೇಜುಗಳಲ್ಲಿ ಕರಾರು ಕಾಯ್ದೆ ಓದಿದವರಿಗೆ ಇದರ ಹೆಸರು ಪರಿಚಿತ: ಥಾರ್ನ್‌ಟನ್ ಮತ್ತು ಶೂ ಲೇನ್ ಪಾರ್ಕಿಂಗ್ ಮೊಕದ್ದಮೆ. ಥಾರ್ನ್‌ಟನ್ ಒಳ್ಳೆಯ ಟ್ರಂಪೆಟ್ ವಾದಕ. 1964ರಲ್ಲಿ ಬಿಬಿಸಿಯ ಕಾರ್ಯಕ್ರಮದಲ್ಲಿ ನುಡಿಸಲೆಂದು ಲಂಡನ್ನಿಗೆ ಬಂದ. ಆಗಷ್ಟೇ ಬಂದಿದ್ದ ಬಹುಮಹಡಿ ಪಾರ್ಕಿಂಗ್ ಕಟ್ಟಡಕ್ಕೆ ಕಾರು ತಂದ. ಯಂತ್ರ ಒಂದು ಚೀಟಿ ಹೊರಚಾಚಿತು, ದೀಪ ಹಸಿರಾಯಿತು, ಒಳಗೆ ಹೋದ. ಕಾರ್ಯಕ್ರಮ ಮುಗಿಸಿ ಬಂದು ಕಾರು ತೆಗೆಯುವಾಗ ಅಪಘಾತವಾಗಿ ಬಲವಾದ ಪೆಟ್ಟು ಬಿತ್ತು. ಪರಿಹಾರ ಕೇಳಿದರೆ ಕಂಪನಿ ಚೀಟಿ ತೋರಿಸಿತು. ಷರತ್ತುಗಳಿಗೆ ಒಳಪಟ್ಟಿದೆ ಎಂದು ಅದರಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ಷರತ್ತುಗಳು ಕಟ್ಟಡದ ಒಳಗಿನ ಕಂಬದ ಮೇಲೆ. ಗಾಯವಾದರೂ ಕಂಪನಿ ಹೊಣೆಯಲ್ಲ ಎಂಬುದು ಅವುಗಳ ನಡುವೆ ಎಲ್ಲೋ ಇತ್ತು.

ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಡೆನ್ನಿಂಗ್ 1970ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟರು. ಯಂತ್ರದ ಎದುರು ಗ್ರಾಹಕ ವಾದ ಮಾಡುವಂತಿಲ್ಲ, ಚೀಟಿಯನ್ನು ತಿರಸ್ಕರಿಸಿ ಹಿಂದಿರುಗುವಂತೆಯೂ ಇಲ್ಲ. ಹಿಂದೆ ಕಾರುಗಳ ಸಾಲೇ ನಿಂತಿರುತ್ತದೆ. ಕಾರು ಒಳಕ್ಕೆ ಬಂದು ಚೀಟಿ ಹೊರಬೀಳುವ ಹೊತ್ತಿಗೆ ಕರಾರು ಏರ್ಪಟ್ಟಾಗಿರುತ್ತದೆ. ಆಮೇಲೆ ತೋರಿಸುವ ಷರತ್ತು ಅವನನ್ನು ಕಟ್ಟಿಹಾಕಲಾರದು. ಷರತ್ತು ಎಷ್ಟು ಕಠಿಣವೋ ಅಷ್ಟು ಎದ್ದು ಕಾಣುವಂತೆ ಅದನ್ನು ಮೊದಲೇ ತಿಳಿಸಿರಬೇಕು. ಇದು ಅವರ ತರ್ಕದ ಸಾರ. ಅರ್ಧ ಶತಮಾನ ದಾಟಿದರೂ ಈ ತೀರ್ಪು ಇನ್ನೂ ಜೀವಂತ. ಕಂಬದ ಹಿಂದೆ ಅಡಗಿದ ಫಲಕ, ಗಿಡ ಬೆಳೆದು ಮುಚ್ಚಿದ ಫಲಕ, ರಾತ್ರಿ ದೀಪವಿಲ್ಲದ ಮೂಲೆಯಲ್ಲಿರುವ ಫಲಕ, ಇವುಗಳ ಫೋಟೊ ತೆಗೆದುಕೊಂಡವನ ಬೆನ್ನಿಗೆ ಡೆನ್ನಿಂಗ್ ಇದ್ದಾರೆ.

ಕಂಪನಿಗಳ ಬೆನ್ನಿಗೂ ಒಂದು ತೀರ್ಪು ಇದೆ. ಅದನ್ನು ಹೇಳದೆ ಬಿಟ್ಟರೆ ನಿಮಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಚೆಲ್ಮ್ಸ್‌ಫರ್ಡ್ ಎಂಬ ಊರಿನ ರಿವರ್‌ಸೈಡ್ ಅಂಗಡಿ ಸಮುಚ್ಚಯದಲ್ಲಿ ಎರಡು ಗಂಟೆ ಉಚಿತ ಪಾರ್ಕಿಂಗ್ ಇತ್ತು. 2013ರ ಏಪ್ರಿಲ್ 15ರಂದು ಬ್ಯಾರಿ ಬೀವಿಸ್ ಎಂಬ ಚಿಪ್ಸ್ ಅಂಗಡಿ ಮಾಲೀಕ 56 ನಿಮಿಷ ಹೆಚ್ಚು ನಿಂತ. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಆತ ಕೊಡಲಿಲ್ಲ. ಕರಾರು ಮುರಿದವನಿಂದ ನಷ್ಟದಷ್ಟು ಹಣ ಕೇಳಬಹುದು, ದಂಡ ಹಾಕುವಂತಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ನೂರು ವರ್ಷದ ನಿಯಮ. ಕಂಪನಿಗೆ ನಯಾಪೈಸೆ ನಷ್ಟವಾಗಿಲ್ಲ, ಆದ್ದರಿಂದ 85 ಪೌಂಡ್ ದಂಡವೇ ಎಂಬುದು ಆತನ ವಾದ. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರ ನವೆಂಬರ್ 4ರಂದು ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕಂಪನಿಯ ಪರ ನಿಂತರು. ಬೇರೆ ಗ್ರಾಹಕರಿಗೂ ಜಾಗ ಸಿಗುವಂತೆ ನೋಡಿಕೊಳ್ಳುವುದು ನ್ಯಾಯವಾದ ಉದ್ದೇಶ, ಮೊತ್ತ ಆ ಉದ್ದೇಶಕ್ಕೆ ಹೋಲಿಸಿದರೆ ವಿಪರೀತವಲ್ಲ, ಸುಮಾರು ಇಪ್ಪತ್ತು ಫಲಕಗಳು ಎದ್ದು ಕಾಣುವಂತಿದ್ದವು ಎಂದರು. ಲಾರ್ಡ್ ಟೂಲ್ಸನ್ ಒಬ್ಬರೇ ಒಪ್ಪಲಿಲ್ಲ. ತಡವಾಗಲು ಜನರಿಗೆ ನೂರು ಕಾರಣಗಳಿರುತ್ತವೆ, ಆ ಕರಾರಿನಲ್ಲಿ ಅದಕ್ಕೆ ಎಡೆಯೇ ಇಲ್ಲ ಎಂಬುದು ಅವರ ಆಕ್ಷೇಪ. ನನ್ನ ಮಟ್ಟಿಗೆ ಆ ಒಬ್ಬರ ಮಾತೇ ಸರಿ. ಆದರೆ ಕಾನೂನು ನಡೆಯುವುದು ಆರು ಮಂದಿಯ ಮಾತಿನಂತೆ.

ಬೀವಿಸ್ ಸೋತ ಮೇಲೆ ಇನ್ನು ಯಾರೂ ಗೆಲ್ಲುವುದಿಲ್ಲ ಎಂದು ಕಂಪನಿಗಳ ಪತ್ರಗಳು ಸೂಚಿಸುತ್ತವೆ. ಅದು ನಿಜವಲ್ಲ. ಆ ಒಂದು ಜಾಗದಲ್ಲಿ, ಅಷ್ಟು ಸ್ಪಷ್ಟವಾದ ಫಲಕಗಳಿದ್ದಾಗ, ಆ ಮೊತ್ತ ನ್ಯಾಯ ಎಂದಷ್ಟೇ ತೀರ್ಪು ಹೇಳಿತು. ನಿಮ್ಮ ಜಾಗದಲ್ಲಿ ಹಾಗಿರಲಿಲ್ಲ ಎಂದು ತೋರಿಸಿದರೆ ಅದೇ ತೀರ್ಪು ನಿಮ್ಮ ಕಡೆ ತಿರುಗುತ್ತದೆ. 2016ರಲ್ಲಿ ಆಕ್ಸ್‌ಫರ್ಡ್‌ನ ನ್ಯಾಯಾಲಯದಲ್ಲಿ ಒಂದು ಪ್ರಕರಣ ಬಂತು. ಫ್ಲ್ಯಾಟಿನಲ್ಲಿ ವಾಸವಿದ್ದ ಮಹಿಳೆ ಮೇಜೊಂದನ್ನು ಒಳಗೆ ಸಾಗಿಸಲು ಬಾಗಿಲ ಮುಂದೆ ಕೆಲವು ನಿಮಿಷ ಕಾರು ನಿಲ್ಲಿಸಿದ್ದರು. ಸಾಮಾನು ಇಳಿಸಲು ನಿಂತದ್ದನ್ನು ಪಾರ್ಕಿಂಗ್ ಎನ್ನಲಾಗದು, ಮನೆಯ ಕರಾರಿನಲ್ಲಿ ಅವರಿಗಿದ್ದ ಹಕ್ಕನ್ನು ಪಾರ್ಕಿಂಗ್ ಕಂಪನಿಯ ಫಲಕ ಕಿತ್ತುಕೊಳ್ಳಲಾರದು ಎಂದು ನ್ಯಾಯಾಧೀಶರು ಮೇಲ್ಮನವಿಯಲ್ಲಿ ಆಕೆಯ ಪರ ತೀರ್ಪಿತ್ತರು. ನಮ್ಮ ಹುಡುಗರು ಬಹುಪಾಲು ಬಾಡಿಗೆ ಫ್ಲ್ಯಾಟುಗಳಲ್ಲೇ ಇರುವುದು. ಪಾರ್ಕಿಂಗ್ ಜಾಗ ಮನೆಯ ಜೊತೆಗೇ ಕೊಟ್ಟದ್ದಾದರೂ, ಪರವಾನಗಿ ಚೀಟಿ ಡ್ಯಾಶ್‌ಬೋರ್ಡಿನಿಂದ ಜಾರಿ ಕೆಳಗೆ ಬಿತ್ತು ಎಂಬ ಕಾರಣಕ್ಕೇ ನೋಟಿಸು ಬರುತ್ತದೆ. ಅಂಥವರು ಮೊದಲು ತೆಗೆದು ಓದಬೇಕಾದದ್ದು ಬಾಡಿಗೆ ಕರಾರು ಪತ್ರವನ್ನು.

ಪತ್ರ ಬಂದ ದಿನ ಏನು ಮಾಡಬೇಕು?

ದಿನಾಂಕ ನೋಡಿ. ಕಾರಿನ ಗಾಜಿಗೆ ಯಾವ ಚೀಟಿಯನ್ನೂ ಅಂಟಿಸದೆ ಕ್ಯಾಮರಾದ ಬಲದಿಂದಲೇ ಪತ್ರ ಕಳಿಸಿದ್ದರೆ, ಕಾರು ನಿಲ್ಲಿಸಿದ ಮರುದಿನದಿಂದ 14 ದಿನದೊಳಗೆ ಅದು ಕೀಪರ್‌ಗೆ ತಲುಪಿರಬೇಕು. ಗಾಜಿಗೆ ಚೀಟಿ ಅಂಟಿಸಿದ್ದರೆ ಲೆಕ್ಕ ಬೇರೆ: ಮೊದಲ 28 ದಿನ ಮುಗಿದ ಮೇಲೆ, ಮುಂದಿನ 28 ದಿನದೊಳಗೆ. ಈ ಗಡುವು ತಪ್ಪಿದರೆ ಕೀಪರ್ ಮೇಲೆ ಹೊಣೆ ಹೊರಿಸುವ ಬಲ ಕಂಪನಿಗೆ ಹೋಯಿತು. ಆಮೇಲೆ ಅವರು ಕೇಳಬೇಕಾದದ್ದು ಓಡಿಸಿದವರನ್ನು ಮಾತ್ರ.

ಓಡಿಸಿದವರು ಯಾರು ಎಂಬುದು ಅವರಿಗೆ ಗೊತ್ತಿಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ವೇಗದ ಮಿತಿ ಮೀರಿದ ಪ್ರಕರಣದಲ್ಲಿ ಪೊಲೀಸರು ಕೇಳಿದರೆ ಚಾಲಕರ ಹೆಸರು ಹೇಳಲೇಬೇಕು, ಹೇಳದಿದ್ದರೆ ಅದೇ ಅಪರಾಧ. ಖಾಸಗಿ ಕಂಪನಿಗೆ ಆ ಅಧಿಕಾರ ಇಲ್ಲ. ಆದರೂ ನಮ್ಮವರು ಉತ್ತರ ಬರೆಯಲು ಕೂತರೆ ಮೊದಲ ಸಾಲಿನಲ್ಲೇ, ನಾನು ಆ ದಿನ ಕಾರು ನಿಲ್ಲಿಸಿ ಒಳಗೆ ಹೋದೆ ಎಂದು ಬರೆದುಬಿಡುತ್ತಾರೆ. ಅಲ್ಲಿಗೆ ಕಾಯ್ದೆಯ ಷರತ್ತುಗಳ ರಕ್ಷಣೆ ಮುಗಿಯಿತು. ಸುಳ್ಳು ಹೇಳಬೇಕಿಲ್ಲ, ಹೇಳಲೂ ಬಾರದು. ನಾನು ಈ ವಾಹನದ ಕೀಪರ್, ಚಾಲಕರು ಹೀಗೆ ಮಾಡಿದರು ಎಂದು ಬರೆದರೆ ಸಾಕು. ಅದು ಕಾನೂನು ಕೊಟ್ಟ ಹಕ್ಕು.

ಊರಿನಿಂದ ಬರುವ ಅಪ್ಪ ಅಮ್ಮನನ್ನು ಕರೆದುಕೊಂಡು ಬರಲು ವಿಮಾನ ನಿಲ್ದಾಣಕ್ಕೆ ಹೋದಾಗ ನೋಟಿಸು ಬಂದರೆ ಇನ್ನೊಂದು ಅಂಶ ನೆನಪಿಡಿ. ನಿಲ್ದಾಣದ ಸ್ವಂತ ಬೈಲಾಗಳು ಅನ್ವಯಿಸುವ ನೆಲ ನಾಲ್ಕನೆಯ ಅನುಸೂಚಿಯ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ಕೀಪರ್ ಹೊಣೆಯ ಮಾತೇ ಏಳುವುದಿಲ್ಲ. ಆದರೆ ಬೈಲಾ ಮುರಿಯುವುದು ತಾನೇ ಬೇರೊಂದು ಅಪರಾಧವಾಗಬಹುದು. ಆದ್ದರಿಂದ ಅಲ್ಲಿಂದ ಬಂದ ಪತ್ರವನ್ನು ಇನ್ನೂ ನಿಧಾನವಾಗಿ ಓದಿ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿಗೂ ಈ ಅನುಸೂಚಿ ಅನ್ವಯಿಸುವುದಿಲ್ಲ.

ಉತ್ತರ ಬರೆಯುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಬಹಳ ಜನಕ್ಕೆ ಇದು ಹೊಳೆಯುವುದಿಲ್ಲ. ನೆಲ ಪಾರ್ಕಿಂಗ್ ಕಂಪನಿಯದಲ್ಲ. ಅಂಗಡಿಯದೋ ಆಸ್ಪತ್ರೆಯದೋ ಸಮುಚ್ಚಯದ ಮಾಲೀಕರದೋ ಆಗಿರುತ್ತದೆ, ಕಂಪನಿ ಅವರಿಂದ ಅನುಮತಿ ಪಡೆದು ಕೆಲಸ ಮಾಡುತ್ತದೆ. ನೀವು ಅಂಗಡಿಯಲ್ಲಿ ಸಾಮಾನು ಕೊಂಡ ರಸೀದಿ ಇದ್ದರೆ ಅದನ್ನು ಹಿಡಿದು ನೇರವಾಗಿ ಅಂಗಡಿಯ ಮ್ಯಾನೇಜರ್ ಬಳಿ ಹೋಗಿ. ನಾವು ನಿಮ್ಮ ಗ್ರಾಹಕರು, ಬಿಲ್ಲಿಗಾಗಿ ಸಾಲಿನಲ್ಲಿ ನಿಂತು ಹೊತ್ತಾಯಿತು, ಇದನ್ನು ರದ್ದು ಮಾಡಿಸಿ ಎಂದು ಕೇಳಿ. ಎಷ್ಟೋ ನೋಟಿಸುಗಳು ಹೀಗೆ ಒಂದೇ ಫೋನಿನಲ್ಲಿ ರದ್ದಾಗಿರುವುದನ್ನು ನಾನು ನೋಡಿದ್ದೇನೆ. ಗ್ರಾಹಕ ಮುನಿಸಿಕೊಂಡು ಬೇರೆ ಅಂಗಡಿಗೆ ಹೋಗುವುದು ಮ್ಯಾನೇಜರ್‌ಗೆ ಬೇಕಿರುವುದಿಲ್ಲ. ಕೇಳಲು ಸಂಕೋಚ ಬೇಡ.

ಅದು ಫಲಿಸದಿದ್ದರೆ ಕಂಪನಿಗೆ 28 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಕ್ಯಾಮರಾದ ತಪ್ಪುಗಳು ಎಲ್ಲರೂ ಊಹಿಸುವುದಕ್ಕಿಂತ ಹೆಚ್ಚು. ನನಗೆ ಪರಿಚಯದ ಒಂದು ಕನ್ನಡ ದಂಪತಿ ಬೆಳಗ್ಗೆ ತರಕಾರಿಗೆ ಹೋಗಿ ಹದಿನೈದು ನಿಮಿಷದಲ್ಲಿ ಮನೆಗೆ ಬಂದರು. ಸಂಜೆ ಹಾಲಿಗೆಂದು ಮತ್ತೆ ಅಲ್ಲಿಗೇ ಹೋದರು. ನಡುವಿನ ಹೊರಹೋಗುವಿಕೆ, ಎರಡನೆಯ ಪ್ರವೇಶ ಎರಡನ್ನೂ ಕ್ಯಾಮರಾ ಹಿಡಿಯಲಿಲ್ಲ. ಇಡೀ ದಿನ ಕಾರು ಅಲ್ಲೇ ನಿಂತಿತ್ತು ಎಂದು ನೋಟಿಸು ಬಂತು. ಮಧ್ಯಾಹ್ನ ಆ ಕಾರು ಮಗುವಿನ ಶಾಲೆಯ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಇದ್ದದ್ದಕ್ಕೆ ಬಿಲ್ಲು ಇತ್ತು. ಅದನ್ನು ಲಗತ್ತಿಸಿ ನಾಲ್ಕು ಸಾಲು ಬರೆದೆವು, ಕಂಪನಿ ಹಿಂದೆ ಸರಿಯಿತು. ಬಿಲ್ಲನ್ನು ಎಸೆದಿದ್ದರೆ ಬಹಳ ಪೇಚಾಡಬೇಕಾಗುತ್ತಿತ್ತು. ಇನ್ನೊಂದು ಸಾಮಾನ್ಯ ತಪ್ಪು, ಯಂತ್ರದಲ್ಲಿ ಕಾರಿನ ನಂಬರ್ ಒತ್ತುವಾಗ ಒಂದು ಅಕ್ಷರ ಆಚೀಚೆಯಾಗುವುದು, ಸೊನ್ನೆಯ ಬದಲು ಓ ಒತ್ತುವುದು. ಹಣ ಕಟ್ಟಿದ್ದೀರಿ, ತಪ್ಪಾದದ್ದು ಒಂದು ಅಕ್ಷರ. ಇಂಥದ್ದನ್ನು ರದ್ದು ಮಾಡಬೇಕೆಂದು ಆ ಎರಡು ಸಂಘಗಳ ನೀತಿಸಂಹಿತೆಯೇ ಹೇಳುತ್ತದೆ. ಅವಧಿ ಮುಗಿದ ಮೇಲೆ ಹೊರಡಲು 10 ನಿಮಿಷದ ಸಡಿಲಿಕೆ ಕೊಡಬೇಕೆಂದೂ ಅದರಲ್ಲಿದೆ. ಪತ್ರದಲ್ಲಿ ಆ ನೆಲದ ಮಾಲೀಕರು ಕೊಟ್ಟ ಲಿಖಿತ ಅಧಿಕಾರ ಪತ್ರ ತೋರಿಸಿ ಎಂದೂ ಕೇಳಿ.

ಕಂಪನಿ ತಿರಸ್ಕರಿಸಿದರೆ ಮುಂದಿನ ಮೆಟ್ಟಿಲು ಸ್ವತಂತ್ರ ಮೇಲ್ಮನವಿ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯ ಕಂಪನಿಯಾದರೆ ಪಾಪ್ಲಾ ಎಂಬ ಸಂಸ್ಥೆ. ಇನ್ನೊಂದು ಸಂಘದ್ದಾದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್. ಪಾಪ್ಲಾಕ್ಕೆ ಹೋಗಲು ಕಂಪನಿ ತನ್ನ ತಿರಸ್ಕಾರದ ಪತ್ರದಲ್ಲಿ ಒಂದು ಸಂಖ್ಯೆ ಕೊಡಬೇಕು. ಅದು ಬಂದ 28 ದಿನದೊಳಗೆ ಮನವಿ ಹಾಕಬೇಕು. ಕಾರಿನವರಿಗೆ ಶುಲ್ಕವಿಲ್ಲ. ಪಾಪ್ಲಾ ಕಂಪನಿಯ ವಿರುದ್ಧ ತೀರ್ಮಾನಿಸಿದರೆ ಕಂಪನಿ ಅದಕ್ಕೆ ಬದ್ಧ. ನಿಮ್ಮ ವಿರುದ್ಧ ಹೋದರೆ ನೀವು ಬದ್ಧರಲ್ಲ, ಕೋರ್ಟಿನಲ್ಲಿ ಇನ್ನೂ ವಾದಿಸಬಹುದು. ಆದರೆ ಆ ಹಂತದಲ್ಲಿ 60 ಪೌಂಡಿನ ರಿಯಾಯಿತಿ ದರ ಸಾಮಾನ್ಯವಾಗಿ ಕೈತಪ್ಪಿರುತ್ತದೆ. ನಿಮ್ಮ ಬಳಿ ಆಧಾರ ಏನೂ ಇಲ್ಲ, ಫಲಕ ಸ್ಪಷ್ಟವಾಗಿತ್ತು, ತಪ್ಪು ನಿಮ್ಮದೇ ಎಂದು ಗೊತ್ತಿದ್ದರೆ ಮೊದಲ 14 ದಿನದಲ್ಲೇ ಕಟ್ಟಿ ಮುಗಿಸುವುದು ಒಳ್ಳೆಯದು. ವಿಕಲಚೇತನರಿಗೆ ಮೀಸಲಿಟ್ಟ ಜಾಗದಲ್ಲಿ ನಿಲ್ಲಿಸಿ ಬಂದು ಪಾರಾಗುವ ದಾರಿ ಹೇಳಿ ಎಂದವರಿಗೆ ನಾನು ನೆರವಾಗಿಲ್ಲ, ಆಗುವುದೂ ಇಲ್ಲ.

ಉತ್ತರ ಕೊಡದೆ ಸುಮ್ಮನಿದ್ದರೆ ಏನಾಗುತ್ತದೆ? ಮೊದಲು ಸಾಲ ವಸೂಲಿಯವರ ಪತ್ರಗಳು ಬರುತ್ತವೆ. 100 ಇದ್ದದ್ದು 170 ಆಗುತ್ತದೆ. ಕೆಂಪು ಅಕ್ಷರ, ಕೋರ್ಟು ಜಪ್ತಿ ಎಂಬ ಮಾತು. ಇವರು ಕೋರ್ಟಿನ ಅಮೀನರಲ್ಲ. ನಿಮ್ಮ ಹೊಸ್ತಿಲು ದಾಟುವ, ಸಾಮಾನು ಎತ್ತುವ ಯಾವ ಅಧಿಕಾರವೂ ಇವರಿಗಿಲ್ಲ. ಈ ಪತ್ರಗಳಿಗೆ ಹೆದರುವ ಅಗತ್ಯವಿಲ್ಲ. ಅದರ ನಂತರ ವಕೀಲರಿಂದ ಮೊಕದ್ದಮೆ ಹೂಡುವ ಮುನ್ನಿನ ಪತ್ರ ಬರಬಹುದು, ಅದಕ್ಕೆ 30 ದಿನದೊಳಗೆ ಉತ್ತರಿಸಬೇಕು. ಕೊನೆಗೆ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್. ಇದು ಬಂದ ಮೇಲೆ ಒಂದು ದಿನವೂ ಸುಮ್ಮನೆ ಕೂರಬೇಡಿ. 14 ದಿನದೊಳಗೆ ಪತ್ರ ತಲುಪಿದೆ ಎಂದು ತಿಳಿಸಿದರೆ ಪ್ರತಿವಾದ ಸಲ್ಲಿಸಲು ಒಟ್ಟು 28 ದಿನ ಸಿಗುತ್ತದೆ. ಇಷ್ಟು ಸಣ್ಣ ಮೊತ್ತದ ದಾವೆ ಸ್ಮಾಲ್ ಕ್ಲೇಮ್ಸ್ ವಿಭಾಗದಲ್ಲಿ ನಡೆಯುತ್ತದೆ. ವಕೀಲರಿಲ್ಲದೆ ನಾವೇ ಮಾತಾಡಬಹುದು. ಸೋತರೂ ಎದುರು ಪಕ್ಷದ ವಕೀಲರ ಪೂರ್ತಿ ಖರ್ಚು ನಮ್ಮ ತಲೆಗೆ ಬರುವುದಿಲ್ಲ.

ಫಾರ್ಮಿಗೂ ಉತ್ತರ ಕೊಡದಿದ್ದರೆ ಕೋರ್ಟು ಏಕಪಕ್ಷೀಯವಾಗಿ ಆದೇಶ ಮಾಡುತ್ತದೆ. ಅದೇ ಸಿಸಿಜೆ, ಅಂದರೆ ಕೌಂಟಿ ಕೋರ್ಟ್ ಜಡ್ಜ್‌ಮೆಂಟ್. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ಅಳಿಸುತ್ತಾರೆ. ಇಲ್ಲದಿದ್ದರೆ ಆರು ವರ್ಷ ಅದು ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ. ಮನೆ ಸಾಲ ಕೇಳಲು ಹೋದಾಗ, ಮೊಬೈಲ್ ಕರಾರು ಮಾಡುವಾಗ, ಬಾಡಿಗೆ ಮನೆ ಹುಡುಕುವಾಗ ಎದುರಾಗುತ್ತದೆ. ಪಾರ್ಕಿಂಗ್ ನೋಟಿಸು ಅಪರಾಧವಲ್ಲ, ಅದರಿಂದ ವೀಸಾಕ್ಕೆ ಏನೂ ಆಗುವುದಿಲ್ಲ. ಆದರೆ ಸಾಲ ತೀರಿಸದೆ ನಿಮ್ಮ ಮೇಲೆ ಸಿವಿಲ್ ಕೋರ್ಟಿನ ಆದೇಶ ಆಗಿದೆಯೇ ಎಂಬ ಪ್ರಶ್ನೆ ವೀಸಾ ಅರ್ಜಿಯಲ್ಲಿದೆ. ನಮ್ಮವರು ಭಯಪಡಬೇಕಾದದ್ದು ಮೊದಲ ಪತ್ರಕ್ಕಲ್ಲ, ಉತ್ತರ ಕೊಡದೆ ಬಿಟ್ಟ ಕೊನೆಯ ಪತ್ರಕ್ಕೆ.

ಅಲಕ್ಷ್ಯದ ಬೆಲೆ ಎಷ್ಟೆಂದರೆ, 2017ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಚೀಟಿಗಳನ್ನು ಕಡೆಗಣಿಸಿದ ಮಹಿಳೆಯೊಬ್ಬರು 24,500 ಪೌಂಡ್ ಕೊಡಬೇಕೆಂದು ಕೋರ್ಟು ಆದೇಶಿಸಿತು. ಅದೇ ವರ್ಷ ಕಾರ್ಡಿಫ್‌ನ ದೊಡ್ಡ ಆಸ್ಪತ್ರೆಯಲ್ಲಿ, ಕೆಲಸಕ್ಕೆ ಬಂದು ಕಾರು ನಿಲ್ಲಿಸಲು ಜಾಗ ಸಿಗದೆ ಚೀಟಿ ಮೇಲೆ ಚೀಟಿ ಪಡೆದ ಸಿಬ್ಬಂದಿ ಕೋರ್ಟಿನಲ್ಲಿ ಸೋತರು. ರೋಗಿಗಳ ಸೇವೆಗೆ ಬಂದ ನರ್ಸುಗಳು ಅವರು. ಆ ಸುದ್ದಿ ಓದಿದಾಗ ನನಗೆ ತುಂಬ ನೋವಾಯಿತು. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಜಾಗ ಕೊಡದೆ ದಂಡ ಹಾಕಲು ಕಂಪನಿ ತರುವುದು ಯಾವ ನ್ಯಾಯ?

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲದೆ ಇಲ್ಲ. ಅಂದಿನ ಸಂಸದ ಸರ್ ಗ್ರೆಗ್ ನೈಟ್ ತಂದ ಮಸೂದೆ 2019ರಲ್ಲಿ ಪಾರ್ಕಿಂಗ್ ನೀತಿಸಂಹಿತೆ ಕಾಯ್ದೆಯಾಯಿತು. ಅದರಡಿ 2022ರ ಫೆಬ್ರವರಿಯಲ್ಲಿ ಸರ್ಕಾರ ಸಂಹಿತೆಯನ್ನೂ ಪ್ರಕಟಿಸಿತು. ಲಂಡನ್ನಿನ ಹೊರಗೆ ಹೆಚ್ಚಿನ ಕಡೆ ಮೊತ್ತ 50 ಪೌಂಡಿಗೆ ಇಳಿಯುತ್ತಿತ್ತು, ವಸೂಲಿಯ ಹೆಸರಿನ ಹೆಚ್ಚುವರಿ ಹಣಕ್ಕೆ ನಿಷೇಧ ಬೀಳುತ್ತಿತ್ತು. ಪಾರ್ಕಿಂಗ್ ಕಂಪನಿಗಳು ಹೈಕೋರ್ಟಿನ ಮೆಟ್ಟಿಲೇರಿದವು. ಜೂನ್ ತಿಂಗಳಲ್ಲಿ ಸರ್ಕಾರ ಸಂಹಿತೆಯನ್ನು ಹಿಂದಕ್ಕೆ ಪಡೆಯಿತು. ಎರಡು ವರ್ಷದ ನಂತರ, 2024ರಲ್ಲಿ, ಕಂಪನಿಗಳ ಸಂಘಗಳೇ ಸೇರಿ ತಮ್ಮದೇ ಸಂಹಿತೆ ಬರೆದುಕೊಂಡವು. ಅದರಲ್ಲಿ ಗರಿಷ್ಠ ಮೊತ್ತ 100 ಪೌಂಡಿನಲ್ಲೇ ಇದೆ. ಡರ್ಬಿ ನಗರದಲ್ಲಿ ಹಣ ಕಟ್ಟಿಯೂ, ಫೋನಿನ ಸಿಗ್ನಲ್ ಸಿಗದೆ, ಒಳಗೆ ಬಂದ ಐದು ನಿಮಿಷದೊಳಗೆ ಕಟ್ಟಲಿಲ್ಲವೆಂಬ ಕಾರಣಕ್ಕೆ ಒಬ್ಬ ಯುವತಿಯಿಂದ 1,900 ಪೌಂಡಿಗೂ ಹೆಚ್ಚು ಕೇಳಿದ ಸುದ್ದಿ ದೇಶವನ್ನೇ ಕೆರಳಿಸಿತು. ಆಮೇಲೆ ಆ ದಾವೆಯನ್ನು ಕೈಬಿಟ್ಟರು, ಐದು ನಿಮಿಷದ ನಿಯಮವೂ 2025ರ ಫೆಬ್ರವರಿಯಲ್ಲಿ ಸಡಿಲವಾಯಿತು. ಆಕೆ ಸುಮ್ಮನೆ ಕಟ್ಟಿಬಿಟ್ಟಿದ್ದರೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. 2025ರ ಜುಲೈಯಲ್ಲಿ ಸರ್ಕಾರ ಹೊಸ ಸಂಹಿತೆಗಾಗಿ ಮತ್ತೆ ಜನರ ಅಭಿಪ್ರಾಯ ಕೇಳಿತು. ಕಾಯ್ದೆ ಬಂದು ಆರು ವರ್ಷ ಕಳೆದ ಮೇಲೂ ಅಭಿಪ್ರಾಯ ಕೇಳುವ ಹಂತದಲ್ಲೇ ಇದ್ದದ್ದು ನನ್ನ ದೃಷ್ಟಿಯಲ್ಲಿ ನಾಚಿಕೆಗೇಡು.

ಕೊನೆಯದಾಗಿ ಈ ಭಾಷಣ ಕೇಳುತ್ತಿರುವ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ನಮ್ಮ ಮಕ್ಕಳು ಅಲ್ಲಿ ಆಗಾಗ ಬಾಡಿಗೆ ಮನೆ ಬದಲಾಯಿಸುತ್ತಾರೆ. ಕಾರಿನ ನೋಂದಣಿ ಪತ್ರದಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ನೋಟಿಸು ಹಳೆಯ ಮನೆಗೆ ಹೋಗುತ್ತದೆ, ಕೋರ್ಟಿನ ಫಾರ್ಮೂ ಅಲ್ಲಿಗೇ ಹೋಗುತ್ತದೆ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದ ದಿನವೇ ತಮ್ಮ ಮೇಲೆ ಆದೇಶ ಆಗಿರುವುದು ತಿಳಿಯುತ್ತದೆ. ಅದನ್ನು ತೆಗೆಸಲು ಮತ್ತೆ ಕೋರ್ಟಿಗೆ ಅರ್ಜಿ, ಮೂಲ ನೋಟಿಸಿಗಿಂತ ಹೆಚ್ಚು ಶುಲ್ಕ. ಈ ವಾರ ಫೋನಿನಲ್ಲಿ ಮಾತಾಡುವಾಗ ಊಟ ಆಯಿತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ಡಿವಿಎಲ್‌ಎ ದಾಖಲೆಯಲ್ಲಿ ವಿಳಾಸ ಬದಲಾಯಿಸಿದೆಯಾ? ಚಾಲನಾ ಪರವಾನಗಿಗೆ ಬೇರೆ, ನೋಂದಣಿ ಪತ್ರಕ್ಕೆ ಬೇರೆ, ಎರಡೂ ಕಡೆ ಬದಲಾಯಿಸಬೇಕು. ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.